ಮುಟ್ಟಿದ್ದು ಯಾರು

ಟಿಕ್.

ಹಲ್ಲಿ ಲೊಚಗುಟ್ಟಿದ್ದಲ್ಲ, ಗಡಿಯಾರದ್ದೂ ಅಲ್ಲ. ಊರೆಲ್ಲ ಮಲಗಿದ ಹೊತ್ತಿನಲ್ಲಿ ಅಡುಗೆಮನೆಯ ಗೋಡೆಯಿಂದ ಬಂದ ಆ ಸಣ್ಣ ಸದ್ದನ್ನು ಮಮತಾ ಹಾಸಿಗೆಯಲ್ಲೇ ಗುರುತು ಹಿಡಿದಳು. ನಿದ್ದೆ ಬಾರದೆ ಆಗಷ್ಟೇ ದಿಂಬಿನಡಿಯ ಮೊಬೈಲ್ ತೆಗೆದು ಹೊತ್ತು ನೋಡಿದ್ದಳು. ನೋಡಿಯಾದ ಮೇಲೂ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಮಲಗಿದ್ದಳು. ಟಿಕ್ ಎಂದ ಮರುಗಳಿಗೆಗೆ ಹಿತ್ತಿಲ ಬಾವಿಕಟ್ಟೆಯ ಪಂಪು ಗುಂಯ್ ಎಂದು ಶುರುವಾಯಿತು.

“ರೀ, ಏಳಿ. ಮತ್ತೆ ಶುರು ಆಯ್ತು.”

ಗಂಡ ಸುಭಾಷ ಕಣ್ಣು ತೆರೆಯದೆಯೇ ನಡುಮನೆಯ ಕಡೆ ಕೂಗಿದ. “ಅವ್ವಾ, ಪೆಟಗಿ ಮುಟ್ಟಿದ್ಯಾ?”

“ನಾ ಯಾಕ್ ಮುಟ್ಟಲೋ? ಮಕ್ಕೊಂಡೀನಿ.” ಕತ್ತಲೆಯಿಂದ ಅತ್ತೆ ಚೌಡಮ್ಮನ ಉತ್ತರ ಬಂತು.

“ಮಕ್ಕೊಂಡಾಕಿ ಹೆಂಗ ಮಾತಾಡಾಕತ್ತೀದಿ?”

“ನೀ ಒದರಿದ್ದಕ್ಕ ಎಚ್ಚರಾತು. ಊರ ಮಂದೀಗೂ ಆಗಿರಬೇಕು, ಕೇಳಿ ನೋಡು.”

ಸುಭಾಷ ಎದ್ದು ಹೋಗಿ ಪಂಪು ಬಂದ್ ಮಾಡಿ ಬಂದ. ಬಾವಿಯಲ್ಲಿ ಇದ್ದದ್ದೇ ಒಂದು ಮೊಳ ನೀರು. ಖಾಲಿ ಓಡಿದ್ದರೆ ಮೋಟಾರು ಸುಟ್ಟೇ ಹೋಗುತ್ತಿತ್ತು. “ಸೆಕೆಗೆ ನೀರು ಕುಡೀಲಿಕ್ಕೆ ಎದ್ದಿರ್ತಾಳೆ, ಪೆಟ್ಟಿಗೆ ಗುಂಡಿಗೆ ಕೈ ತಾಗಿಸಿರ್ತಾಳೆ, ಈಗ ನೆನಪಿಲ್ಲ” ಎಂದು ಗೊಣಗಿ ಗೋಡೆಯ ಕಡೆ ತಿರುಗಿ ಮಲಗಿದ. ಅತ್ತೆ ಎದ್ದ ಸದ್ದು ಮಮತಾಳ ಕಿವಿಗೆ ಬಿದ್ದಿರಲಿಲ್ಲ. ಆದರೆ ಮತ್ತೆ ಯಾರು?

ಆ ಪೆಟ್ಟಿಗೆ ಮನೆಗೆ ಬಂದದ್ದು ಶಿವರಾತ್ರಿಯ ಆಸುಪಾಸಿಗೆ. ಅಂಗಡಿಯಿಂದ ತಂದದ್ದಲ್ಲ, ಸುಭಾಷನೇ ಕೂತು ಕಟ್ಟಿದ್ದು. ಸಿದ್ದಾಪುರದ ದೂರವಾಣಿ ಕೇಂದ್ರದಲ್ಲಿ ಕೆಲಸ ಮಾಡುವ ಅವನಿಗೆ ಸತ್ತ ಮೊಬೈಲು, ಹಳೇ ತಂತಿ ಎಂದರೆ ಪ್ರಾಣ. ಒಂದು ತಗಡಿನ ಡಬ್ಬಿ, ಅದರೊಳಗೆ ಮೊಬೈಲಿನ ಹೊಟ್ಟೆ, ಸ್ಕೂಟರಿನ ಬ್ಯಾಟರಿ, ಸಾಲಾಗಿ ರಿಲೇ ಎಂಬ ಪುಟ್ಟ ಸ್ವಿಚ್ಚುಗಳು, ಮುಖದ ಮೇಲೆ ಪರೀಕ್ಷೆಗೆಂದು ಒಂದು ಕೆಂಪು ಗುಂಡಿ. ಎಲ್ಲಿಂದಲಾದರೂ ಸರಿ, ಪೆಟ್ಟಿಗೆಯ ನಂಬರಿಗೆ ಒಂದು ಮಿಸ್ ಕಾಲ್ ಕೊಟ್ಟರೆ ಪಂಪು ಶುರು, ಇನ್ನೊಂದು ಕೊಟ್ಟರೆ ಬಂದ್. ಮೆಸೇಜು ಕಳಿಸಿದರೆ ಅಂಗಳದ ದೀಪ, ಗೀಸರು. ಸುಭಾಷ, ಮಮತಾ ಇಬ್ಬರ ನಂಬರು ಬಿಟ್ಟು ಬೇರೆಯವರದಕ್ಕೆ ಅದು ಓಗೊಡುವುದಿಲ್ಲ. ಗುರುತಿನ ನಂಬರು ಬಂದರೆ ಒಂದು ರಿಂಗಿಗೇ ಕರೆಯನ್ನು ತಾನೇ ಕತ್ತರಿಸಿ, ಟಿಕ್ ಎಂದು ಕೆಲಸ ಮಾಡಿ ಸುಮ್ಮನಾಗುತ್ತದೆ.

ಇಷ್ಟೆಲ್ಲ ಯಾಕೆಂದರೆ, ಹಗಲಿಡೀ ಮನೆಯಲ್ಲಿ ಇರುವವಳು ಚೌಡಮ್ಮ ಒಬ್ಬಳೇ. ಹಿಂದೆ ಇದ್ದ ದಾಸನಕೊಪ್ಪದ ಮನೆಯಲ್ಲಿ ಒಮ್ಮೆ ಮಿಕ್ಸಿ ಮುಟ್ಟಿ ಕರೆಂಟು ಹೊಡೆಸಿಕೊಂಡ ಮೇಲೆ ಅವಳು ಸ್ವಿಚ್ಚಿಗೆ ಕೈ ಹಾಕಿದವಳಲ್ಲ. ಸಂಜೆಯಾದರೂ ಸೊಸೆ ಬಂದು ದೀಪ ಹಾಕುವತನಕ ಕತ್ತಲಲ್ಲೇ ಕೂತಿರುತ್ತಾಳೆ. ಈಗಿರುವ ಶಿರಸಿಯಲ್ಲಿ ಬೇಸಿಗೆಯ ಕರೆಂಟು ಬರುವುದೂ ಹೋಗುವುದೂ ಅದರ ಮರ್ಜಿ. ಬಾವಿಯಲ್ಲಿ ನೀರೂರಿದ ಹೊತ್ತಿಗೇ ಟ್ಯಾಂಕಿಗೆ ಏರಿಸಬೇಕು. ಸುಭಾಷ ಸಿದ್ದಾಪುರದಲ್ಲಿ, ಮಮತಾ ಯಲ್ಲಾಪುರದಲ್ಲಿ, ಅಲ್ಲಿಯ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ. ಪಂಪಿನ ಸ್ವಿಚ್ಚು ಒತ್ತಲು ಮೂರನೆಯವರು ಬೇಕಾಗಿತ್ತು. ಆ ಮೂರನೆಯವರೇ ಪೆಟ್ಟಿಗೆ.

“ಇನ್ನು ನೀ ಎಲ್ಲಿದ್ದರೂ ಮನೆ ನಿನ್ನ ಬೆರಳ ತುದೀಲಿ” ಎಂದಿದ್ದ ಸುಭಾಷ ಹೆಂಡತಿಗೆ. ಒಂದು ವಾರ ಹಾಗೇ ನಡೆಯಿತು. ಆಮೇಲೆ ಬೆರಳೂ ಹೋಯಿತು, ತುದಿಯೂ ಹೋಯಿತು.

ಸುಭಾಷ ಹನ್ನೊಂದರ ಸುಮಾರಿಗೆ ಪಂಪು ಹಚ್ಚಲೆಂದು ಮಿಸ್ ಕಾಲ್ ಕೊಟ್ಟರೆ ಸಂಜೆ ಬಂದಾಗ ಟ್ಯಾಂಕು ಅರ್ಧ. ಕೊಡದೆ ಬಿಟ್ಟ ದಿನ ಟ್ಯಾಂಕು ತುಂಬಿ ಹರಿದು ಪಕ್ಕದ ಅನಂತಮೂರ್ತಿಯವರ ಅಂಗಳ ಕೆಸರು. ನಿವೃತ್ತ ಪೋಸ್ಟ್ ಮಾಸ್ತರು ಅನಂತಮೂರ್ತಿ ಬೇಲಿಯ ಮೇಲಿಂದ ಮುಖ ತೂರಿಸಿದರು.

“ಎಂತ ಮಾರಾಯ್ರೆ, ನಮ್ಮನೆಯವಳು ಹಪ್ಪಳ ಒಣಗ್ಲಿ ಅಂತ ಇಟ್ರೆ ನಿಮ್ಮ ಟ್ಯಾಂಕು ಅಭಿಷೇಕ ಮಾಡ್ತದಲ್ಲ. ಮುಂದಿನ ಸಲ ಹಾಲು-ತುಪ್ಪನೂ ಬಿಡ್ಲಿಕ್ಕೆ ಹೇಳಿ.”

“ಪೆಟ್ಟಿಗೆ ಸ್ವಲ್ಪ ಸರಿ ಇಲ್ಲ ಮೂರ್ತಿಯವರೇ, ಇವ್ರು ನೋಡ್ತಿದ್ದಾರೆ” ಎಂದಳು ಮಮತಾ.

“ನೋಡೂದೇ ಆಯ್ತು. ನಾವು ಇಪ್ಪತ್ತು ವರ್ಷದಿಂದ ಕೈಯಲ್ಲೇ ಸ್ವಿಚ್ ಹಾಕ್ತಾ ಇದ್ದೇವೆ. ಒಂದು ದಿನಾನೂ ತಪ್ಪಲಿಲ್ಲ.”

ಸುಭಾಷ ನೋಡಿದ್ದೂ ನೋಡಿದ್ದೇ. ಮೊದಲು ಸಿಗ್ನಲ್ ಸರಿಯಿಲ್ಲ ಎಂದ. ಪೆಟ್ಟಿಗೆ ದೇವರ ಕೋಣೆಯ ಗೋಡೆಯಿಂದ ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ಬಂತು, ಹಂಚಿನ ಮೇಲೆ ತಾಮ್ರದ ತಂತಿ ಹತ್ತಿತು. ಆಮೇಲೆ ಕರೆಂಟಿನ ಏರಿಳಿತ ಎಂದ, ರಿಲೇ ಬದಲಾಯಿಸಿದ. ಆಮೇಲೆ ಬ್ಯಾಟರಿ. ಊಟದ ತಟ್ಟೆಯ ಪಕ್ಕದಲ್ಲಿ ಸ್ಕ್ರೂ ಡ್ರೈವರು, ಬೇಳೆ ಡಬ್ಬಿಯಲ್ಲಿ ಸ್ಕ್ರೂ. ಒಂದು ದಿನ ಸಾರಿನಲ್ಲಿ ಸಾಸಿವೆಯ ಜೊತೆ ಒಂದು ಬೆಸುಗೆಯ ಗುಳಿಗೆ ಸಿಕ್ಕಾಗ ಮಮತಾ ತಟ್ಟೆ ದೂಡಿ ಎದ್ದುಬಿಟ್ಟಳು. ಎಲ್ಲ ಬದಲಾಯಿಸಿ ಮುಗಿದ ಮೇಲೆ ಬದಲಾಯಿಸದೆ ಉಳಿದದ್ದು ಮನೆಯ ಮಂದಿ ಮಾತ್ರ.

“ಯಂತ್ರ ಸರಿ ಇದೆ. ಯಾರೋ ಕೈಯಾಡಿಸ್ತಿದ್ದಾರೆ” ಎಂದ ಸುಭಾಷ. ಹಗಲು ಮನೆಯಲ್ಲಿದ್ದ ಆ ಯಾರೋ ಒಬ್ಬಳೇ.

“ಪೊರಕಿ ತುದೀನೂ ಹತ್ತಿಸಿಲ್ಲೋ ಯಪ್ಪಾ ಅದಕ್ಕ. ದೂರದಿಂದ ಕಸಾ ಹೊಡೀತೀನಿ. ನಾ ಮುಟ್ಟಿಲ್ಲ” ಎಂದಳು ಚೌಡಮ್ಮ. ದಿನಕ್ಕೊಮ್ಮೆ ಅದನ್ನೇ ಹೇಳಿದಳು. ಹೇಳಿ ಹೇಳಿ ಆ ಮಾತಿಗೆ ಬೆಲೆಯೇ ಉಳಿಯಲಿಲ್ಲ.

ಮಮತಾಗೆ ಇನ್ನೊಂದು ಸಂಗತಿ ಕೊರೆಯುತ್ತಿತ್ತು. ಅವಳದು ಅಂಜುಬುರುಕ ಜೀವ. ಬಸ್ಸು ಹತ್ತಿದರೆ ಚಾಲಕನ ಕಣ್ಣು ಕನ್ನಡಿಯಲ್ಲಿ ಕಾಣುವ ಸೀಟನ್ನೇ ಹುಡುಕುವವಳು. ಮದುವೆಯಾಗಿ ಬಂದಾಗಿನಿಂದ ಅತ್ತೆ ಸೊಸೆಯರ ನಡುವೆ ಒಂದು ನೇಮವಿತ್ತು: ಯಲ್ಲಾಪುರ ಮುಟ್ಟಿದ ಕೂಡಲೇ ಮನೆಗೊಂದು ಮಿಸ್ ಕಾಲ್. ಎತ್ತಬೇಕಿಲ್ಲ, ಮಾತಿಲ್ಲ, ‘ಮುಟ್ಟಿದೆ’ ಎಂದರ್ಥ. ಬಸ್ಸಿಳಿದು ಮೊಬೈಲಿನ ಎರಡರ ಗುಂಡಿ ಒತ್ತಿ ಹಿಡಿದರೆ ಸಾಕು, ಚೌಡಮ್ಮನ ಮೊಬೈಲಿಗೆ ಹೋಗುವಂತೆ ಸುಭಾಷ ಎಂದೋ ಮಾಡಿಕೊಟ್ಟಿದ್ದ. ಈಗಲೂ ಅವಳು ದಿನಾ ಕೊಡುತ್ತಿದ್ದಳು. ಈಚೆಗಂತೂ ಒಂದು ರಿಂಗಿಗೇ ಕರೆ ಕಟ್ ಆಗುತ್ತಿತ್ತು. ಅತ್ತೆ ಕೊನೆಗೂ ಕಟ್ ಮಾಡಲು ಕಲಿತಳು ಎಂದುಕೊಂಡಿದ್ದಳು ಮಮತಾ.

ಆದರೆ ಒಂದು ಸಂಜೆ ಚೌಡಮ್ಮ ಕೇಳಿದಳು, “ಯಾಕವಾ, ಈಗೀಗ ಮುಟ್ಟಿದ್ದು ತಿಳಸೂದ ಬಿಟ್ಟೀಯಲ್ಲ?”

“ಇವತ್ತೂ ಕೊಟ್ಟೆನಲ್ಲ ಅತ್ತೆ. ನೀವೇ ಕಟ್ ಮಾಡಿದ್ರಿ.”

“ನಾ ಯಾವಾಗ ಮಾಡೀನಿ? ಬಂದs ಇಲ್ಲ.”

“ಬಂತು ಅತ್ತೆ. ನಿಮಗೆ ಎಂತಕ್ಕೋ ನೆನಪಿಲ್ಲ.”

ಚೌಡಮ್ಮ ತನ್ನ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿ, ಸೊಂಟದ ಚೀಲಕ್ಕೆ ಹಾಕಿಕೊಂಡಳು.

ಆ ರಾತ್ರಿ ಮಮತಾ ಗಂಡನಿಗೆ ಹೇಳಿದಳು. ಪದಗಳನ್ನು ತೂಗಿ ಆಡುವವಳು ಅವಳು. ಉತ್ತರಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಸುತ್ತು ಹಾಕುವವಳು. ‘ಹುಚ್ಚು’ ಎನ್ನಲಿಲ್ಲ, ‘ಸುಳ್ಳು’ ಎನ್ನಲಿಲ್ಲ. “ಅತ್ತೆಗೆ ಸ್ವಲ್ಪ ಮರೆವು ಶುರುವಾದ ಹಾಗೆ ಕಾಣ್ತದೆ” ಎಂದಳು, ಅಷ್ಟೇ.

ಆ ಒಂದು ಮಾತು ಸುಭಾಷನಿಗೆ ಸಾಕಾಯಿತು. ಸಿಗ್ನಲ್ಲೂ ಅಲ್ಲ, ರಿಲೇಯೂ ಅಲ್ಲ, ಮರೆವು. ಅವನಿಗೆ ಎಷ್ಟೋ ನಿರಾಳವಾದಂತಿತ್ತು. ಹಾವೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಅಣ್ಣ ಶಿವಪುತ್ರಪ್ಪನಿಗೆ ಫೋನು ಹೋಯಿತು. ಅಲ್ಲಿ ಹಗಲು ಅತ್ತಿಗೆ ಮನೆಯಲ್ಲೇ ಇರುತ್ತಾಳೆ, ಹುಬ್ಬಳ್ಳಿಯ ಡಾಕ್ಟರಿಗೂ ತೋರಿಸಬಹುದು. ಮುಂದಿನ ಭಾನುವಾರ ಬಂದು ಅವ್ವನನ್ನು ಕರೆದುಕೊಂಡು ಹೋಗುವುದೆಂದು ಅಣ್ಣತಮ್ಮ ನಿಶ್ಚಯಿಸಿದರು. ಚೌಡಮ್ಮನಿಗೆ ಹೇಳಿದ್ದು ಆಮೇಲೆ.

“ಎಷ್ಟ್ ದಿನಕ್ಕ?” ಎಂದು ಕೇಳಿದಳು ಚೌಡಮ್ಮ.

ಸುಭಾಷ, “ನೋಡೂಣು” ಎಂದ.

ಆ ದಿನದಿಂದ ಅವಳು ‘ನಾ ಮುಟ್ಟಿಲ್ಲ’ ಎನ್ನುವುದನ್ನೇ ಬಿಟ್ಟಳು. ಮಮತಾಗೆ ಅದೇ ಹೆಚ್ಚು ಕಷ್ಟವಾಯಿತು. ತಾನು ಆಡಿದ ಪದ ಸರಿಯೋ ತಪ್ಪೋ ಕಣ್ಣಾರೆ ನೋಡಿಬಿಡಬೇಕು ಎನ್ನಿಸಿತು. ಗುರುವಾರ ಕಾಲೇಜಿಗೆ ರಜೆ ಹಾಕಿದಳು, ಯಾರಿಗೂ ತಿಳಿಸದೆ. ಎಂದಿನಂತೆ ಸೀರೆಯುಟ್ಟು, ಡಬ್ಬಿ ತುಂಬಿಕೊಂಡು, “ಬರ್ತೇನೆ ಅತ್ತೆ” ಎಂದು ಹೊರಟು, ಮಾರುಕಟ್ಟೆಯವರೆಗೂ ನಡೆದು, ಹಿಂದಿನ ಓಣಿಯಿಂದ ತಿರುಗಿ ಬಂದು ಹಿತ್ತಿಲ ಕಟ್ಟಿಗೆ ಕೋಣೆ ಹೊಕ್ಕಳು. ಅಲ್ಲಿನ ಕಿಂಡಿಯಿಂದ ನೇರಕ್ಕೆ ಅಡುಗೆಮನೆಯ ಕಿಟಕಿ, ಕಿಟಕಿಯೊಳಗೆ ಪೆಟ್ಟಿಗೆ. ಎಂ.ಎ. ಓದಿದ ಹೆಂಗಸು ತೆಂಗಿನ ಚಿಪ್ಪಿನ ರಾಶಿಯ ಪಕ್ಕ ಮಡಲ ಗರಿಯ ಮೇಲೆ ಕೂತು ಸ್ವಂತ ಅತ್ತೆಯನ್ನು ಕಾಯುವುದು. ಒಂದು ಜೇಡ ಅವಳ ಭುಜದ ಮೇಲೆ ಇಳಿದು, ಪರಿಚಯವಿಲ್ಲವೆಂಬಂತೆ ಮತ್ತೆ ಮೇಲೆ ಹೋಯಿತು.

ಚೌಡಮ್ಮ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆದಳು. ಮೊರ ತಂದು ಹಿತ್ತಿಲ ಜಗಲಿಯಲ್ಲಿ ಕೂತು ಅಕ್ಕಿ ಆರಿಸತೊಡಗಿದಳು. ಪೆಟ್ಟಿಗೆಯ ಕಡೆ ಹೋಗಲಿಲ್ಲ. ಪೆಟ್ಟಿಗೆಯೂ ಸುಮ್ಮನಿತ್ತು.

ಬಸ್ಸು ಯಲ್ಲಾಪುರ ಮುಟ್ಟುವ ಹೊತ್ತಾಯಿತು. ಮಿಸ್ ಕಾಲ್ ಹೋಗದಿದ್ದರೆ ಅತ್ತೆಗೆ ಗಾಬರಿಯಾದೀತು, ಸುಭಾಷನಿಗೆ ಫೋನು ಮಾಡಿಯಾಳು, ತನ್ನ ಗುಟ್ಟು ರಟ್ಟಾದೀತು. ಮಮತಾ ಎಂದಿನಂತೆ ಎರಡರ ಗುಂಡಿ ಒತ್ತಿ ಹಿಡಿದಳು. ಒಂದು ರಿಂಗು. ಕಟ್.

ಟಿಕ್.

ಪಂಪು ಶುರುವಾಯಿತು.

ಜಗಲಿಯ ಮೇಲೆ ಚೌಡಮ್ಮ ಬೆಚ್ಚಿ ತಲೆಯೆತ್ತಿದಳು. ಕೈಯಲ್ಲಿ ಮೊರ ಹಾಗೇ ಇತ್ತು.

ಮಮತಾ ಮೊಬೈಲನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಇರಲಾರದು ಎನ್ನಿಸಿತು. ಮತ್ತೊಮ್ಮೆ ಒತ್ತಿದಳು. ಟಿಕ್. ಪಂಪು ನಿಂತಿತು. ಮತ್ತೆ ಒತ್ತಿದಳು. ಶುರು. ಮತ್ತೆ. ಬಂದ್.

ಆಗ ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ಮೊದಲ ವಾರದ ಕೊನೆಗೆ ಪೆಟ್ಟಿಗೆಯ ಸಿಮ್ ಕೈಕೊಟ್ಟಾಗ ಸುಭಾಷ ಅವ್ವನ ಹಳೇ ಸಿಮ್ಮನ್ನೇ ತೆಗೆದು ಹಾಕಿದ್ದ, ಅವ್ವನಿಗೆ ಹೊಸದು ಕೊಟ್ಟಿದ್ದ. ಹೊಸ ನಂಬರನ್ನು ಮಮತಾ ಬರೆದುಕೊಂಡಿದ್ದಳು, ಮಾತಾಡಬೇಕಾದಾಗ ಹೆಸರು ಹುಡುಕಿ ಅದಕ್ಕೇ ಮಾಡುತ್ತಿದ್ದಳು. ಎರಡರ ಗುಂಡಿಯನ್ನು ಮಾತ್ರ ಯಾರೂ ಬದಲಿಸಿರಲಿಲ್ಲ. ದಿನಾ ಬೆಳಿಗ್ಗೆ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳು ‘ಮುಟ್ಟಿದೆ’ ಎಂದು ಹೇಳುತ್ತಿದ್ದದ್ದು ಪೆಟ್ಟಿಗೆಗೆ. ಅದು ಪಂಪು ಹಚ್ಚುತ್ತಿತ್ತು. ಆಮೇಲೆ ಸುಭಾಷ ಹಚ್ಚಲು ಹೋಗಿ ಆರಿಸುತ್ತಿದ್ದ. ಅಂದು ರಾತ್ರಿ ಹಾಸಿಗೆಯಲ್ಲಿ ಬಿಗಿಹಿಡಿದ ಮುಷ್ಟಿ ಕೂಡ ಅದೇ ಗುಂಡಿಯ ಮೇಲಿತ್ತು. ಅತ್ತೆಗೆ ಮಿಸ್ ಕಾಲ್ ಬರದಿದ್ದದ್ದೂ ನಿಜ, ಮುಟ್ಟದಿದ್ದದ್ದೂ ನಿಜ. ಮರೆತವಳು ಯಾರು ಎಂಬುದೊಂದೇ ತಿರುವುಮುರುವಾಗಿತ್ತು.

ಚೌಡಮ್ಮ ಒಳಗೆ ಬಂದು ಪೆಟ್ಟಿಗೆಯಿಂದ ಮಾರು ದೂರ ನಿಂತಳು. ಕಿಂಡಿಗೆ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು.

“ಏನ್ ಧಾಡಿ ಆಗೇತಿ ನಿನಗ? ನಾ ನಿನಗ ಏನ್ ಮಾಡೀನಿ? ನೀ ಕುಣದದ್ದಕ್ಕ ನನಗ ಹಾವೇರಿ ದಾರಿ ತೋರಿಸಾಕತ್ತಾರ.”

ಚೌಡಮ್ಮ ಸೊಂಟದ ಚೀಲದಿಂದ ಮೊಬೈಲ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದಳು. “ಹುಡುಗಿ ಇವತ್ತೂ ಮುಟ್ಟಿದ್ದು ತಿಳಿಸ್ಲಿಲ್ಲ” ಎಂದಳು. ಬಾಗಿಲ ಚೌಕಟ್ಟಿಗೆ ಒರಗಿ, ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದಳು.

ಮಮತಾ ಹೊಸ ನಂಬರಿನ ಮೇಲೆ ಬೆರಳಿಟ್ಟು, ತೆಗೆದಳು. ಕಟ್ಟಿಗೆ ಕೋಣೆಯಲ್ಲಿ ಕೂತು ‘ಮುಟ್ಟಿದೆ’ ಎನ್ನಲು ಅವಳ ಕೈ ಬರಲಿಲ್ಲ. ಎದ್ದು ಹೊರಗೆ ಹೋಗಿ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಅತ್ತೆ ಮೊದಲು ಕೇಳುವ ಪ್ರಶ್ನೆ, ‘ನೀ ಅಲ್ಲಿ ಯಾಕ ಕೂತಿದ್ದಿ?’ ಅದಕ್ಕೆ ಅವಳಲ್ಲಿ ತೂಗಿ ಆಡುವ ಯಾವ ಪದವೂ ಇರಲಿಲ್ಲ. ಸಂಜೆಯ ಬಸ್ಸಿನ ಹೊತ್ತಿನವರೆಗೆ ಚಿಪ್ಪುಗಳ ಪಕ್ಕದಲ್ಲೇ ಕೂತಳು. ಚಿತ್ರಾನ್ನದ ಡಬ್ಬಿ ತೆರೆಯಲೇ ಇಲ್ಲ.

ಭಾನುವಾರ ಶಿವಪುತ್ರಪ್ಪ ಬಂದ. ದೊಡ್ಡ ದನಿಯ, ದೊಡ್ಡ ಮೈಯ ಮನುಷ್ಯ. ಚೌಡಮ್ಮನ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. ಅವಳು ನಡುಮನೆಯಲ್ಲಿ ಕೂತು ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಿದ್ದಳು. ಅವಳ ಎದುರಿಗೆ ಗಂಡುಮಕ್ಕಳಿಬ್ಬರು. ಪೆಟ್ಟಿಗೆ ಅಡುಗೆಮನೆಯ ಬಾಗಿಲಿನಿಂದ ಎಲ್ಲರಿಗೂ ಕಾಣುತ್ತಿತ್ತು.

“ಡಾಕ್ಟರ್ ಬಲ್ಲಿ ತೋರಸೂದ್ರಾಗ ತಪ್ಪೇನಿಲ್ಲವಾ. ವಯಸ್ಸಾದ ಮ್ಯಾಲ ಮರವು ಎಲ್ಲಾರಿಗೂ ಬರ್ತೈತಿ” ಎಂದ ಶಿವಪುತ್ರಪ್ಪ.

“ಬರ್ಲಿ ಬಿಡು. ನೀ ಹೋದ ದೀಪಾವಳಿಗೆ ಬರ್ತೀನಂದಿದ್ದಿ. ಅದು ನನಗ ನೆನಪೈತಿ” ಎಂದಳು ಚೌಡಮ್ಮ.

ಮಮತಾ ಬಾಗಿಲ ಹಿಂದೆ ನಿಂತು, ಸೆರಗಿನೊಳಗೆ ಮೊಬೈಲ್ ಹಿಡಿದು, ಎರಡರ ಗುಂಡಿ ಒತ್ತಿದಳು.

ಟಿಕ್. ಗುಂಯ್.

ಸುಭಾಷ ಅಭ್ಯಾಸಬಲದಿಂದ “ಅವ್ವಾ—” ಎಂದು ಬಾಯಿ ತೆರೆದು ಮಾತನ್ನು ಅರ್ಧಕ್ಕೇ ಬಿಟ್ಟ. ಅವ್ವ ಅವನ ಎದುರಿಗೇ ಇದ್ದಳು, ಎರಡು ಕೈಯಲ್ಲೂ ಬಸಿ ಹಿಡಿದುಕೊಂಡು. ಅವನು ಎದ್ದು ಪೆಟ್ಟಿಗೆಯ ಹತ್ತಿರ ಹೋದ. ಹೋಗುವಷ್ಟರಲ್ಲಿ ಮತ್ತೆ ಟಿಕ್, ಪಂಪು ನಿಂತಿತು. ಅವನು ಅದರ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಾಗಲೇ ಮೂರನೆಯ ಸಲ ಟಿಕ್.

ಶಿವಪುತ್ರಪ್ಪ ಹೊಟ್ಟೆ ಕುಲುಕಿಸಿ ನಕ್ಕ. “ಏ ತಮ್ಮಾ, ಅವ್ವನ್ನ ಅಲ್ಲೋ, ನಿನ್ನ ಪೆಟಗೀನ ಒಯ್ತೀನಿ ತಾ ಡಾಕ್ಟರ್ ಬಲ್ಲಿ. ಮರವು ಅದಕ್ಕs ಬಂದೈತಿ.”

ಸುಭಾಷ ತಂತಿ ಕಿತ್ತ. ಅವನ ಕಿವಿ ಕೆಂಪಾಗಿತ್ತು. “ಇನ್ನೊಂದು ಕಟ್ತೀನಿ. ಇದರಾಗ ಎಲ್ಲೋ ಲೂಸ್ ಐತಿ” ಎಂದ.

“ಇನ್ನೊಂದು ಕಟ್ಟಿದ್ಯೋ, ಚೀಲಾ ಇಲ್ಲೇ ಐತಿ ನೋಡು. ನಾನs ಹೊಕ್ಕೀನಿ ಹಾವೇರಿಗೆ” ಎಂದು ಚೌಡಮ್ಮ ಉಳಿದ ಚಹಾ ಹೀರಿದಳು.

ಹೋಗಲಿಲ್ಲ. ಚೀಲ ಬಿಚ್ಚಿದಳು. ಶಿವಪುತ್ರಪ್ಪ ಒಬ್ಬನೇ ಊಟ ಮಾಡಿ ಬಸ್ಸು ಹತ್ತಿದ. ಪಂಪಿಗೆ ಏನು ಮಾಡುವುದೆಂಬ ಚಿಂತೆಯನ್ನೂ ಚೌಡಮ್ಮನೇ ಬಗೆಹರಿಸಿದಳು. ಒಣ ಕಟ್ಟಿಗೆಯಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಮಗ ಎಂದೋ ಹೇಳಿದ್ದು ಅವಳಿಗೆ ನೆನಪಿತ್ತು. ಚಪಾತಿ ಲಟ್ಟಿಸುವ ಲಟ್ಟಣಿಗೆ ತಂದು, ಕೈ ಉದ್ದಕ್ಕೆ ಚಾಚಿ, ಮುಖ ಅತ್ತ ತಿರುಗಿಸಿ, ಅದರ ತುದಿಯಿಂದ ಸ್ವಿಚ್ಚು ಒತ್ತಿದಳು. ಪಂಪು ಶುರುವಾಯಿತು. ಇನ್ನೊಮ್ಮೆ ಒತ್ತಿದಳು, ನಿಂತಿತು. ಬೇಲಿಯಾಚೆಯಿಂದ ನೋಡುತ್ತಿದ್ದ ಅನಂತಮೂರ್ತಿ, “ಇದೂ ದೂರದಿಂದಲೇ ಆಯ್ತಲ್ಲ” ಎಂದರು.

ಆ ಸಂಜೆ ಸುಭಾಷ ಪೆಟ್ಟಿಗೆಯ ಹೊಟ್ಟೆ ಬಿಚ್ಚಿ ಮೇಜಿನ ಮೇಲೆ ಹರವಿಕೊಂಡು ಕೂತಿದ್ದ. ಇಲ್ಲದ ದೋಷವನ್ನು ಭೂತಗನ್ನಡಿ ಹಿಡಿದು ಹುಡುಕುತ್ತಿದ್ದ. ಮಮತಾ ಎರಡು ಸಲ ಅವನ ಹಿಂದೆ ಬಂದು ನಿಂತಳು. ಎರಡು ಸಲವೂ “ಎಂತ?” ಎಂದು ಕೇಳಿದ ಅವನಿಗೆ “ಏನಿಲ್ಲ, ಊಟಕ್ಕೆ ಬನ್ನಿ” ಎಂದಷ್ಟೇ ಹೇಳಿ ಹೋದಳು. ಮಲಗುವ ಮೊದಲು ಎರಡರ ಗುಂಡಿಗೆ ಹೊಸ ನಂಬರು ಕೂರಿಸಿದಳು.

ಸೋಮವಾರ ಬೆಳಿಗ್ಗೆ ಯಲ್ಲಾಪುರದಲ್ಲಿ ಬಸ್ಸಿಳಿದು ಗುಂಡಿ ಒತ್ತಿದಳು. ಒಂದು ರಿಂಗು, ಎರಡು ರಿಂಗು. ಯಾರೂ ಕಟ್ ಮಾಡಲಿಲ್ಲ. ತಾನೇ ನಿಲ್ಲಿಸಿದಳು. ದಿನವಿಡೀ ಪಾಠದ ನಡುವೆ ಒಂದೇ ವಾಕ್ಯವನ್ನು ಕಟ್ಟುತ್ತ, ಒಡೆಯುತ್ತ ಇದ್ದಳು. ಗಂಡನಿಗೆ ಹೇಳದಿದ್ದರೂ ಅತ್ತೆಗೆ ಹೇಳಬೇಕು. ಮರೆವು ಎಂಬ ಪದ ಹುಟ್ಟಿದ್ದು ತನ್ನ ಬಾಯಲ್ಲಿ.

ಸಂಜೆ ಬಂದಾಗ ಅಂಗಳದ ದೀಪ ಆಗಲೇ ಉರಿಯುತ್ತಿತ್ತು. ಚೌಡಮ್ಮ ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಲಟ್ಟಣಿಗೆ. ಮಮತಾ ಚಪ್ಪಲಿ ಕೂಡ ಬಿಡದೆ ಎದುರಿಗೆ ನಿಂತಳು. ಇಡೀ ದಿನ ಕಟ್ಟಿದ ವಾಕ್ಯ ಎಲ್ಲಿಗೋ ಹೋಗಿ, ಬಾಯಿಗೆ ಬಂದದ್ದು ಇಷ್ಟೇ.

“ಅತ್ತೆ, ನಾನೇ ಮುಟ್ಟಿದ್ದು.”

“ಗೊತ್ತಾತಲ್ಲವಾ” ಎಂದಳು ಚೌಡಮ್ಮ. ಸೊಂಟದ ಚೀಲ ತಟ್ಟಿ ತೋರಿಸಿದಳು. “ಎರಡು ಸಲ ಹೊಡಕೊಂಡು ನಿಂತಿತು. ಇವತ್ತರ ಮುಟ್ಟಿದ್ದು ತಿಳಿಸಿದಿ. ಆ ಪೆಟಗಿ ಹೋಗಿದ್ದs ಛಲೋ ಆತು ನೋಡು, ಅದs ನಡುವ ಕದೀತಿತ್ತೋ ಏನೋ.”

ಮಮತಾ ಅವಳನ್ನು ತಿದ್ದಲು ಬಾಯಿ ತೆರೆದಳು. ಆ ಮಾತಿಗೆ ಇನ್ನೊಂದು ಅರ್ಥವಿದೆ ಅತ್ತೆ, ಎನ್ನಬೇಕಿತ್ತು. ಮಕ್ಕಳಿಗಾದರೆ ಬೋರ್ಡಿನ ಮೇಲೆ ಎರಡೂ ಅರ್ಥ ಬರೆದು ತೋರಿಸುತ್ತಿದ್ದಳು. ಚೌಡಮ್ಮನ ಮುಖದಲ್ಲಿ ಎಷ್ಟೋ ವಾರದಿಂದ ಕಾಣದ ನೆಮ್ಮದಿಯಿತ್ತು. ಕಟ್ಟಿಗೆ ಕೋಣೆಯ ಕದ ಮನೆಯ ಹಿಂದೆ ಮುಚ್ಚಿಯೇ ಇತ್ತು.

“ನಿಂತೀ ಯಾಕ? ಒಳಗ ಬಾ. ಚಾ ಇಡ್ತೀನಿ.”

“ಹ್ಞೂಂ ಅತ್ತೆ” ಎಂದಳು ಮಮತಾ. ಬಗ್ಗಿ ಚಪ್ಪಲಿ ಬಿಚ್ಚುವಷ್ಟರಲ್ಲಿ ತೀರ್ಮಾನವಾಗಿತ್ತು: ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ, ಕಾಲೇಜಿನ ಗೆಳತಿಯರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ.